ಹಾಲಿನ ಹುಳು ಹುಡುಕಿಕೊಂಡು ಹಾಲೆಂಡಿಗೆ

ಮಕ್ತಲ್

ಹಾಲೆಂಡಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಹೂವಿನ ತೋಟ ನೋಡಿದಿರಾ ಅಂತ. ಇಲ್ಲ. ಗಾಳಿಗಿರಣಿ? ದೂರದಿಂದ ಒಂದು ಕಂಡಿತು, ಅದೂ ಮಳೆಯಲ್ಲಿ. ಹಾಗಾದರೆ ಏನು ನೋಡಿದಿರಿ? ಹಾಲಿನ ಟ್ಯಾಂಕು ನೋಡಿದೆವು. ಮುಚ್ಚಳ ತೆಗೆದು, ತಲೆ ಒಳಗೆ ಹಾಕಿ, ಬ್ಯಾಟರಿ ಬಿಟ್ಟು ನೋಡಿದೆವು. ಇಲ್ಲಿಗೆ ಬಹಳ ಮಂದಿಯ ಆಸಕ್ತಿ ಮುಗಿದುಹೋಗುತ್ತದೆ. ಮುಗಿಯದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ನಾರಾಯಣಪೇಟೆಯವಳು. ಹಾಲಿನ ಒಕ್ಕೂಟವೊಂದರ ಪ್ರಯೋಗಾಲಯದಲ್ಲಿ ಕೆಲಸ. ಸುತ್ತಲಿನ ಊರುಗಳ ಹಾಲು ಚೆನ್ನಾಗಿದೆಯೋ ಕೆಟ್ಟಿದೆಯೋ ಹೇಳುವವಳು ನಾನೇ, ಆದ್ದರಿಂದ ಸುತ್ತಲಿನ ಊರುಗಳಲ್ಲಿ ನನ್ನನ್ನು ಕಂಡರೆ ಯಾರಿಗೂ ಅಂಥ ಖುಷಿಯೇನೂ ಆಗುವುದಿಲ್ಲ. ತೆಲಂಗಾಣ ಬಂದು, ನಮ್ಮೂರು ಜಿಲ್ಲೆಯೂ ಆದ ಮೇಲೆ, ಮಕ್ತಲ್ ಹತ್ತಿರದ ಒಂದು ಹಳ್ಳಿಯ ಹೆಂಗಸರ ಸಂಘಕ್ಕೆ ಸ್ಟೀಲಿನ ದೊಡ್ಡ ಕೂಲರ್ ಟ್ಯಾಂಕು ಬಂತು. ಹೆಂಗಸರು ಸಂಜೆ ಮತ್ತು ಬೆಳಿಗ್ಗೆ ತಂದ ಹಾಲು ಅದರಲ್ಲಿ ತಣ್ಣಗೆ ಕೂತಿರುತ್ತದೆ. ಬೆಳಿಗ್ಗೆ ಲಾರಿ ಬಂದು ಅದನ್ನು ಗದ್ವಾಲದ ಡೈರಿಗೆ ಒಯ್ಯುತ್ತದೆ. ಆಮೇಲೆ ಟ್ಯಾಂಕು ತೊಳೆದು ಸಂಜೆಯವರೆಗೆ ಮುಚ್ಚಿಡಬೇಕು.

ತೊಳೆಯುವ ಕೆಲಸ ಮಲ್ಲಮ್ಮನದು. ಬಿಸಿನೀರು, ಕಾಸ್ಟಿಕ್ ಸೋಡಾ, ಮತ್ತೆ ನೀರು, ಆಸಿಡ್, ಮತ್ತೆ ನೀರು. ಕೈಗೆ ರಬ್ಬರ್ ಗವಸು, ಮೂಗಿಗೆ ಸೆರಗು. ಆದರೂ ಹಾಲು ಹುಳಿಯಾಗುತ್ತಿತ್ತು. ದಿನವೂ ಅಲ್ಲ, ಕರೆಂಟು ಕೈಕೊಟ್ಟ ದಿನ. ಗದ್ವಾಲದವರು ಲಾರಿಯನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುತ್ತಿದ್ದರು. ನಾನು ಹೋಗಿ, ತೊಳೆದ ಕೂಡಲೇ ಪರೀಕ್ಷೆ ಮಾಡಿದರೆ ಟ್ಯಾಂಕು ಕನ್ನಡಿಯ ಹಾಗೆ. ಹೇಳದೆ ಕೇಳದೆ ಸಂಜೆ ಹೋಗಿ ಪರೀಕ್ಷೆ ಮಾಡಿದರೆ ಬ್ಯಾಕ್ಟೀರಿಯಾಗಳ ಸಂತೆ. ನಮ್ಮಲ್ಲಿ ಅದಕ್ಕೆ ಹುಳು ಎನ್ನುತ್ತಾರೆ. ಬ್ರಶ್ ಬದಲಿಸಿದೆವು, ರಬ್ಬರ್ ರಿಂಗು ಬದಲಿಸಿದೆವು, ಬಾವಿಯ ನೀರು ಬಿಟ್ಟು ಬೋರಿನ ನೀರು ಹಾಕಿದೆವು. ಹುಳು ಬದಲಾಗಲಿಲ್ಲ.

ಓದಿದವಳಲ್ಲವೇ, ನಾನೊಂದು ಭಾಷಣ ಮಾಡಿದೆ. ಹುಳುಗಳು ಲೋಳೆ ಕಟ್ಟಿಕೊಂಡು ಅದರಡಿ ಅವಿತು ಕೂರುತ್ತವೆ, ಔಷಧ ಮೇಲಿಂದ ಹರಿದು ಹೋಗುತ್ತದೆ, ಒಳಗಿನವು ಉಳಿಯುತ್ತವೆ, ಮೂಲೆ ಮೂಲೆ ಉಜ್ಜಬೇಕು ಎಂದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಸಂಘದ ಅಧ್ಯಕ್ಷೆ ನಾಗಮ್ಮಕ್ಕ ಅದರಿಂದ ತೆಗೆದ ಅರ್ಥವೇ ಬೇರೆ. ನಾಗಮ್ಮಕ್ಕ ಕುರಿಗಾರರ ಮನೆಯ ಹೆಣ್ಣುಮಗಳು, ಬೀರಪ್ಪನ ಭಕ್ತೆ. ಗುಡ್ಡದ ಆಚೆಗಿನ ಕುರಿಯನ್ನು ಕರೆದು ಬೆಳೆದ ಗಂಟಲು. ಹಾಲು ಹಾಕಲು ಸಾಲು ನಿಂತ ಹೆಂಗಸರೆಲ್ಲರ ಎದುರಿಗೆ ಆ ಗಂಟಲಿನಲ್ಲಿ ಹೇಳಿಯೇ ಬಿಟ್ಟರು:

"ಮೇಡಂ ಇದ್ದಾಗ ಒಂದ ನಮೂನಿ ತೊಳಿತಾಳ, ಇರದಾಗ ಒಂದ ನಮೂನಿ ತೊಳಿತಾಳ. ಕಳ್ಳ ಕೆಲಸ ಈಕಿದು!"

ಮಲ್ಲಮ್ಮ ಬ್ರಶ್ ಕೆಳಗಿಟ್ಟು ಮನೆಗೆ ಹೋದಳು. ಮತ್ತೆ ಬರಲಿಲ್ಲ. ಗಂಡ ಇಲ್ಲದ ಅವಳ ಮನೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ. ಅವಳೂ ನಾಗಮ್ಮಕ್ಕನೂ ಅಕ್ಕಪಕ್ಕದ ಮನೆಯವರು, ಸಂಘ ಕಟ್ಟುವಾಗ ಮನೆಮನೆ ತಿರುಗಿದ ಜೋಡಿ. ನಾವು ಹಾಲೆಂಡಿಗೆ ಹೊರಟದ್ದು ಇದರ ಮಾರನೆಯ ದಿನ. ನಾವು ತಿರುಗಿ ಬಂದ ಮೇಲೆ ಬೇರೆ ಒಬ್ಬಳನ್ನು ತೊಳೆಯಲು ಇಟ್ಟುಕೊಳ್ಳುವುದು ಎಂದಾಯಿತು. ಅಲ್ಲಿಯವರೆಗೆ ನಾಗಮ್ಮಕ್ಕನ ಸೊಸೆ ತೊಳೆಯಬೇಕು. ಇನ್ನೊಂದು ಸಲ ಹಾಲು ಹುಳಿ ಬಂದರೆ ಟ್ಯಾಂಕನ್ನೇ ಎತ್ತಿ ಬೇರೆ ಊರಿಗೆ ಕೊಡುತ್ತೇವೆ ಎಂದು ಗದ್ವಾಲದವರು ಹೇಳಿಯಾಗಿತ್ತು.

ಹಾಲೆಂಡಿನ ರೈತರ ಸಂಘಕ್ಕೂ ನಮ್ಮ ಒಕ್ಕೂಟಕ್ಕೂ ಏನೋ ಸ್ನೇಹ. ಟ್ಯಾಂಕು ತೊಳೆಯುವುದನ್ನು ನೋಡಿ ಕಲಿಯಲು ಇಬ್ಬರನ್ನು ಕಳಿಸಿ ಎಂದಿದ್ದರು. ಅಧ್ಯಕ್ಷೆಯೆಂದು ನಾಗಮ್ಮಕ್ಕ, ಇಂಗ್ಲಿಷ್ ಬರುತ್ತದೆ ಎಂಬ ಅನುಮಾನದ ಮೇಲೆ ನಾನು.

ವಿಮಾನ ನಿಲ್ದಾಣ

ಹೈದರಾಬಾದಿನ ತಪಾಸಣೆಯಲ್ಲಿ ನಾಗಮ್ಮಕ್ಕನ ಕೈಚೀಲದಿಂದ ಹಳದಿ ಪುಡಿಯ ಪೊಟ್ಟಣ ಹೊರಬಂತು. ಸಮವಸ್ತ್ರದ ಹುಡುಗ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏ ಕ್ಯಾ ಹೈ ಅಮ್ಮಾ?" ಎಂದ.

"ಭಂಡಾರ ರೀ. ಬೀರಪ್ಪಂದು."

ಅದು ದೇವರ ಪ್ರಸಾದದ ಅರಿಶಿನ ಎಂದು ಅವನಿಗೆ ತಿಳಿಯಲಿಲ್ಲ. ಬಾಯಲ್ಲಿ ಹೇಳಿದರೆ ತಿಳಿಯದವರಿಗೆ ಮಾಡಿ ತೋರಿಸಬೇಕೆಂಬುದು ನಾಗಮ್ಮಕ್ಕನ ಕ್ರಮ. ಚಿಟಿಕೆ ತೆಗೆದು ಅವನ ಹಣೆಗೆ ಎಳೆದೇ ಬಿಟ್ಟರು. ಹಿಂದಿನ ಸಾಲು ಉಸಿರು ಹಿಡಿದು ನಿಂತಿತು. ನಾನು ಮನಸ್ಸಿನಲ್ಲೇ ನಾರಾಯಣಪೇಟೆಗೆ ವಾಪಸು ಬಸ್ಸು ಹತ್ತಿದ್ದೆ. ಹುಡುಗ ತಲೆ ಬಾಗಿಸಿ, "ಚಲೋ ಅಮ್ಮಾ, ಜಾವೋ" ಎಂದು ಬಿಟ್ಟುಕೊಟ್ಟ. ನಾವು ಹೋಗುವವರೆಗೂ ಅವನು ಅದನ್ನು ಒರೆಸಿಕೊಂಡಿರಲಿಲ್ಲ.

ಆಮ್‌ಸ್ಟರ್‌ಡಾಮಿನಲ್ಲಿ ಅಷ್ಟು ಸಲೀಸಾಗಲಿಲ್ಲ. ಹಾಲಿನ ಪದಾರ್ಥ ಏನಾದರೂ ತಂದಿದ್ದೀರಾ ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ. ನಾನು ಇಲ್ಲ ಎನ್ನಲು ಬಾಯಿ ತೆಗೆಯುವಷ್ಟರಲ್ಲಿ ನಾಗಮ್ಮಕ್ಕನಿಗೆ ಗೊತ್ತಿದ್ದ ಎರಡು ಮೂರು ಇಂಗ್ಲಿಷ್ ಶಬ್ದಗಳಲ್ಲಿ ಒಂದು ಅವರ ಕಿವಿಗೆ ಬಿದ್ದಿತ್ತು.

"ಮಿಲ್ಕ್! ಯೆಸ್, ಯೆಸ್! ನಾನ ರೀ ಪ್ರೆಸಿಡೆಂಟ್!" ಎಂದು ಎದೆ ಮುಟ್ಟಿಕೊಂಡು ತೋರಿಸಿದರು.

ಚೀಲಗಳನ್ನು ಬಿಚ್ಚಿಸಿದರು. ಖಡಕ್ ರೊಟ್ಟಿಯ ಗಂಟಿಗೆ ತೊಂದರೆಯಾಗಲಿಲ್ಲ. ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿಯನ್ನು ಅಧಿಕಾರಿ ಮೂಸಿ ನೋಡಿ, ಸೀನಿ, ಮರ್ಯಾದೆಯಿಂದ ವಾಪಸು ಕೊಟ್ಟ. ರೊಟ್ಟಿಯ ಅಡಿಯಲ್ಲಿ ನಾನೇ ಅಡಗಿಸಿಟ್ಟಿದ್ದ ತುಪ್ಪದ ಡಬ್ಬಿ ಮಾತ್ರ ಸಿಕ್ಕಿಬಿತ್ತು. ಅದನ್ನು ಕಸದ ಬುಟ್ಟಿಗೆ ಹಾಕಿದ. ಎಮ್ಮೆ ತುಪ್ಪ, ಮನೆಯಲ್ಲಿ ಕಾಸಿದ್ದು.

"ತುಪ್ಪ ಚೆಲ್ಲಿದ ಕೈಲೆ ಇವ ಹ್ಯಾಂಗ ಉಣ್ತಾನ್ರಿ?" ಎಂದು ನಾಗಮ್ಮಕ್ಕ ರೈಲು ಹತ್ತುವವರೆಗೂ ಕೇಳುತ್ತಿದ್ದರು.

ಯಾನನ ಹಟ್ಟಿ

ನಮ್ಮನ್ನು ಮನೆಯಲ್ಲಿ ಇಳಿಸಿಕೊಂಡವರು ಆ ರೈತರ ಸಂಘದ ಯಾನ್ ಮತ್ತು ಅವನ ಹೆಂಡತಿ ಮಾರಿಕೆ. ಇಬ್ಬರೂ ನಮ್ಮ ಬಾಗಿಲಿಗಿಂತ ಎತ್ತರ. ಊರೆಲ್ಲ ಸಮತಟ್ಟು, ಒಂದು ದಿಬ್ಬವಿಲ್ಲ, ಒಂದು ಬಂಡೆಯಿಲ್ಲ. ಕಣ್ಣು ಹಾಯುವ ತನಕ ಹುಲ್ಲು, ಹುಲ್ಲಿನ ನಡುವೆ ನೀರು. ಇಷ್ಟು ನೀರಿದ್ದೂ ಭತ್ತ ಹಾಕದ ಇವರು ಎಂಥ ಜನ ಎಂದು ನಾಗಮ್ಮಕ್ಕ ಅವರನ್ನು ಮೊದಲ ನೋಟದಲ್ಲೇ ಸ್ವಲ್ಪ ಕೆಳಗಿಳಿಸಿದರು.

ಹಟ್ಟಿಯ ಬಾಗಿಲಲ್ಲಿ ಒಂದು ಅಗಲವಾದ ತಟ್ಟೆ, ಅದರ ತುಂಬ ನೀರು. ನಮ್ಮ ಕಡೆ ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುತ್ತೇವಲ್ಲ, ನಾಗಮ್ಮಕ್ಕನಿಗೆ ಬಹಳ ಸಂತೋಷವಾಯಿತು. "ನೋಡ್ರಿ ಮೇಡಂ, ಎಲ್ಲಾ ಕಡಿ ಮನಷ್ಯಾರು ಒಂದ," ಎನ್ನುತ್ತ ಚಪ್ಪಲಿ ಬಿಟ್ಟು, ಸೀರೆ ಎತ್ತಿ, ಬರಿಗಾಲಲ್ಲಿ ಅದರೊಳಗೆ ಇಳಿದರು. ಬಗ್ಗಿ ಬೊಗಸೆಯಲ್ಲಿ ಎತ್ತಿ ಮುಖಕ್ಕೂ ಹಾಕಿಕೊಳ್ಳುವವರಿದ್ದರು. ಯಾನ್ ಓಡಿಬಂದು ಕೈ ಹಿಡಿದ. ಅದು ಬೂಟುಗಳಿಗೆ ಅಂಟಿದ ರೋಗ ಸಾಯಲೆಂದು ಇಟ್ಟ ಔಷಧ. ಮಾರಿಕೆ ನಲ್ಲಿಯ ಕೆಳಗೆ ಅವರ ಪಾದಗಳನ್ನು ತಾನೇ ತೊಳೆದಳು. ಹೀಗೆ, ಅವರ ಪದ್ಧತಿ ಅಲ್ಲದಿದ್ದರೂ, ನಾಗಮ್ಮಕ್ಕನ ಕಾಲಿಗೆ ನೀರು ಬಿತ್ತು.

ಹಸುಗಳಿಗೆ ಹೆಸರಿರಲಿಲ್ಲ, ಕಿವಿಯಲ್ಲಿ ನಂಬರು ಇತ್ತು. ನಾಗಮ್ಮಕ್ಕ ಇದನ್ನು ಒಪ್ಪಲೇ ಇಲ್ಲ. ಕಣ್ಣಿಗೆ ಬಿದ್ದ ಮೊದಲ ಹಸುವಿನ ಹಣೆಗೆ ಭಂಡಾರ ಹಚ್ಚಿ ಗೌರಿ ಎಂದು ಕರೆದರು. ಅದು ಅವರ ನಾರಾಯಣಪೇಟೆ ಸೀರೆಯ ಸೆರಗನ್ನು ಅಂಚಿನವರೆಗೆ ಅಗಿದುಹಾಕಿತು. ಊಟಕ್ಕೆ ತಣ್ಣನೆಯ ಬ್ರೆಡ್ಡು, ಅದರ ಮೇಲೆ ತಣ್ಣನೆಯ ಚೀಸು, ಜೊತೆಗೆ ತಣ್ಣನೆಯ ಹಾಲು. ಯಾನನಂಥ ಆಳು ದೊಡ್ಡ ಲೋಟದಲ್ಲಿ ಹಾಲು ಗಟಗಟ ಕುಡಿಯುವುದನ್ನು ನೋಡಿ ನಾಗಮ್ಮಕ್ಕ ನನ್ನ ಕಿವಿಯಲ್ಲಿ, "ಪಾಪ, ಇವನಿಗೆ ಇನ್ನಾ ಹಾಲು ಬಿಡಿಸಿಲ್ಲ ಏನ್ರಿ?" ಎಂದರು. ಆಮೇಲೆ ನಮ್ಮ ಗಂಟು ಬಿಚ್ಚಿ ಅವನ ಬ್ರೆಡ್ಡಿನ ಮೇಲೆ ಶೇಂಗಾ ಹಿಂಡಿ ಹಾಕಿದರು. ಅವನು ಅಳುತ್ತ ತಿಂದ. ಆದರೆ ತಿಂದ.

ಹಾಲಿನ ಕೋಣೆ

ಮರುದಿನ ಬೆಳಿಗ್ಗೆ ಲಾರಿ ಬಂದು ಯಾನನ ಟ್ಯಾಂಕಿನ ಹಾಲು ಒಯ್ದಿತು. ಈಗ ತೊಳೆಯುವುದನ್ನು ನೋಡಬೇಕು. ಯಾನ್ ಒಂದು ಗುಂಡಿ ಒತ್ತಿದ. ಟ್ಯಾಂಕು ಗುಡುಗುಡು ಎನ್ನುತ್ತ ತನ್ನನ್ನು ತಾನೇ ತೊಳೆದುಕೊಂಡಿತು. ಬಿಸಿನೀರು, ಔಷಧ, ಮತ್ತೆ ನೀರು.

"ನಮ್ಮ ಮಲ್ಲವ್ವ ಮಾಡಿದ್ದನ್ನ ಇದೂ ಮಾಡ್ತೈತಿ," ಎಂದ ನಾಗಮ್ಮಕ್ಕ ತಕ್ಷಣ ಬಾಯಿ ಮುಚ್ಚಿಕೊಂಡರು. ಮಲ್ಲಮ್ಮನ ಹೆಸರು ಹಾಗೆ ತಾನಾಗಿ ಬಂದುಬಿಟ್ಟಿತ್ತು.

ಯಾನ್ ಲೋಳೆಯ ವಿಷಯ ಹೇಳಿದ. ಔಷಧ ಹಾಕಿದ ಮೇಲೂ ಹುಳುಗಳು ಹೇಗೆ ರಬ್ಬರಿನ ಸೀಳಿನಲ್ಲಿ, ನಲ್ಲಿಯ ತಿರುವಿನಲ್ಲಿ ಉಳಿಯುತ್ತವೆ ಎಂದ. ನಾನು ಊರಲ್ಲಿ ಮಾಡಿದ ಭಾಷಣವೇ. ಕೇಳುತ್ತ ನನಗೆ ಹೆಮ್ಮೆಯೋ ಹೆಮ್ಮೆ. ಆಮೇಲೆ ಉದ್ದನೆಯ ಹತ್ತಿಕಡ್ಡಿಯಿಂದ ಟ್ಯಾಂಕಿನ ತಳ ಒರೆಸಿ, ಅದನ್ನು ಅಂಗೈಯಗಲದ ಒಂದು ಯಂತ್ರಕ್ಕೆ ಸಿಕ್ಕಿಸಿದ. ಯಂತ್ರ ಸಣ್ಣದೊಂದು ಅಂಕಿ ತೋರಿಸಿತು. ಅಂಕಿ ಸಣ್ಣದಿದ್ದರೆ ಟ್ಯಾಂಕು ಚೊಕ್ಕಟ, ದೊಡ್ಡದಿದ್ದರೆ ಹೊಲಸು. ಇಷ್ಟನ್ನು ನಾಗಮ್ಮಕ್ಕನಿಗೂ ಹೇಳಿದೆ. ಅವರು ತಲೆಯಾಡಿಸಿದರು.

ಪಕ್ಕದ ಕೋಣೆಯಲ್ಲಿ ಕಾಫಿಗೆ ಕೂತೆವು. ನಾಗಮ್ಮಕ್ಕ ಒಮ್ಮೆ ಎದ್ದುಹೋಗಿ, ಸ್ವಲ್ಪ ಹೊತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಮುಖದಲ್ಲಿ ದೇವರಿಗೆ ಹೋಗಿ ಬಂದವರ ಕಳೆ. ಮಾರಿಕೆ ಕಾಫಿಗೆ ಹಾಕುವ ಹಾಲಿನ ಜಗ್ಗು ಎಲ್ಲಿ ಹೋಯಿತೆಂದು ಹುಡುಕುತ್ತಿದ್ದಳು.

ಕಾಫಿಯಾದ ಮೇಲೆ ಯಾನ್, ಈಗ ನೀವೇ ಒರೆಸಿ ನೋಡಿ ಎಂದು ನನ್ನ ಕೈಗೆ ಕಡ್ಡಿ ಕೊಟ್ಟ. ಒರೆಸಿದೆ. ಯಂತ್ರದ ಅಂಕಿ ಏರಿತು, ಏರಿತು, ನಿಲ್ಲಲೊಲ್ಲದು. ಯಾನ್ ನಕ್ಕು, ಕಡ್ಡಿ ಹಿಡಿಯುವುದು ಹಾಗಲ್ಲ ಎಂದು ಕಲಿಸಿ, ತಾನೇ ಒರೆಸಿದ. ಅವನಿಗೂ ಹಾಗೇ. ನಗು ನಿಂತಿತು. ಮುಖ ಕೆಂಪಗಾಯಿತು. ಬ್ಯಾಟರಿ ತಂದು ಒಳಗೆ ತಲೆ ಹಾಕಿದ. ತಳದಲ್ಲಿ ಬೆಳ್ಳಗೆ ಏನೋ ಹರಡಿತ್ತು. ಪಕ್ಕದ ಕಟ್ಟೆಯ ಮೇಲೆ ಮಾರಿಕೆಯ ಜಗ್ಗು.

"ಯಾರು ಇದು?" ಎಂದು ಅವನು ಕೇಳಿದ್ದು ಡಚ್ಚಿನಲ್ಲೇ ಇದ್ದರೂ ಎಲ್ಲರಿಗೂ ತಿಳಿಯಿತು.

ನಾಗಮ್ಮಕ್ಕ ಉಪಕಾರ ಮಾಡಿದವರ ಹಾಗೆ ಮುಂದೆ ಬಂದರು. "ನಾನ ಹಾಕೀನಿ. ಪಾಪ, ಅವ್ರಿಗೆ ಮಾಲೂಮ್ ಇಲ್ಲ ಕಾಣ್ತೈತಿ. ಹಾಲಿನ ಪಾತ್ರಿ ಬರಿದು ಇಟ್ಟು ಕಾಫಿ ಕುಡಿಯಾಕ ಕುಂತ್ರು. ನಾಕ ಹನಿ ಬಿಟ್ಟು ಕೈ ಮುಗದು ಬಂದೆ."

ನಮ್ಮ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಅಕ್ಕಿಯ ಡಬ್ಬಿಯನ್ನು ಪೂರ್ತಿ ಬಳಿಯುವುದಿಲ್ಲ, ಹಾಲಿನ ಪಾತ್ರೆಯನ್ನು ಪೂರ್ತಿ ಬರಿದು ಮಾಡುವುದಿಲ್ಲ. ತೊಳೆದಿಟ್ಟರೂ ನಾಲ್ಕು ಹನಿ ಹಾಲು ಬಿಟ್ಟೇ ಇಡುವುದು. ನನ್ನ ತಾಯಿಯೂ ಮಾಡುತ್ತಾಳೆ. ಆದರೆ ಆ ಕೋಣೆಯಲ್ಲಿ ಅದನ್ನು ಕೇಳಿದ ಕೂಡಲೇ ನಾನು ನಾಗಮ್ಮಕ್ಕನ ಕಡೆ ತಿರುಗಿದೆ.

"ಅಕ್ಕಾ, ನಮ್ಮ ಟ್ಯಾಂಕಿಗೂ ಹಾಕ್ತೀರೇನು?"

"ದಿನಾ ಹಾಕ್ತೀನಲ್ರಿ! ಮಲ್ಲವ್ವ ತೊಳದು ಹೋದ ಮ್ಯಾಲ ಊದಿನಕಡ್ಡಿ ಹಚ್ಚಿ ಒಂದು ಸೌಟು."

"ಸೌಟು?"

"ಅಷ್ಟು ದೊಡ್ಡ ಟ್ಯಾಂಕಿಗೆ ನಾಕ ಹನಿ ಹಾಕಿದ್ರ ದೇವರು ನಗಂಗಿಲ್ಲೇನು?"

"ನಾನು ಬಂದ ದಿನ?"

"ನೀವು ಹೋದ ಮ್ಯಾಲ ಹಾಕ್ತೀನಿ. ದೇವರ ಕೆಲಸ, ನಿಮ್ಮ ಮುಂದ ಯಾಕ?"

ಮನೆಯ ಪಾತ್ರೆಯಾದರೆ ಮುಂದಿನ ಹಾಲು ಹಾಕಿ ಒಲೆಗೆ ಏರಿಸುತ್ತೇವೆ. ಕುದಿಯುವಾಗ ಆ ಹನಿಗಳ ಹುಳುವೆಲ್ಲ ಸಾಯುತ್ತದೆ. ಸಂಘದ ಟ್ಯಾಂಕು ಒಲೆ ಕಂಡಿಲ್ಲ. ಮಕ್ತಲದ ಬಿಸಿಲಿನಲ್ಲಿ ಸಂಜೆಯವರೆಗೆ ಮುಚ್ಚಿಟ್ಟ ಆ ಸೌಟು ಹಾಲು ಹೆಪ್ಪಾಗಿ ಕೂತಿರುತ್ತದೆ. ಅದರ ಮೇಲೆ ಊರಿನ ಹಾಲು ಸುರಿಯುತ್ತೇವೆ, ಕರೆಂಟಿದ್ದರೆ ತಂಪಿನಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಹುಳಿ. ಲೋಳೆಯಡಿ ಅವಿತ ಹುಳುವನ್ನು ನಾನು ಹುಡುಕುತ್ತಿದ್ದೆ, ಇವರು ದಿನಾ ಊದಿನಕಡ್ಡಿ ಹಚ್ಚಿ ಅದನ್ನು ಮನೆತುಂಬಿಸಿಕೊಳ್ಳುತ್ತಿದ್ದರು.

ಇದನ್ನೆಲ್ಲ ಹೇಳಿದರೆ ನಾಗಮ್ಮಕ್ಕ ಒಪ್ಪಲಿಲ್ಲ. "ದೇವರ ಹೆಸರಿಲೆ ಹಾಕಿದ್ದು ಕೆಡ್ತೈತೇನ್ರಿ?" ಎಂದು ವಾದಕ್ಕೆ ನಿಂತರು. ಯಾನ್ ಯಂತ್ರದಲ್ಲಿ ಮೊದಲಿನ ಅಂಕಿ ತೋರಿಸಿದ, ಆಮೇಲಿನದು ತೋರಿಸಿದ. ನಾಗಮ್ಮಕ್ಕ ಎರಡನ್ನೂ ಬಹಳ ಹೊತ್ತು ನೋಡಿದರು. ನೋಡುತ್ತ ನೋಡುತ್ತ ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟರು.

"ಹಂಗಾರ ಮಲ್ಲವ್ವ ಬರೋಬ್ಬರಿ ತೊಳೀತಿದ್ಲು," ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುಕ್ಷಣವೇ ಎದ್ದು ನಿಂತು ಕೂಗಿದರು: "ಅಯ್ಯೋ ದೇವುಡಾ! ಬರೋ ಮುಂದ ಸೊಸಿಗೆ ಹೇಳಿ ಬಂದೀನ್ರಿ, ತಪ್ಪದಂಗ ಹಾಕು ಅಂತ!"

ಅಂಗಳ

ನಮ್ಮೂರಲ್ಲಿ ಆಗ ಬಿಸಿಲು ಇಳಿದು ಎಮ್ಮೆಗಳು ಮನೆ ಕಡೆ ತಿರುಗುವ ಹೊತ್ತು. ಇನ್ನೇನು ಹಾಲಿನ ಸಾಲು ಶುರುವಾಗುತ್ತದೆ. ಕೋಣೆಯೊಳಗೆ ಫೋನು ಹಿಡಿಯಲಿಲ್ಲ ಎಂದು ಅಂಗಳಕ್ಕೆ ಬಂದೆವು. ಜಿಟಿಜಿಟಿ ಮಳೆ. ಯಾನ್ ಕೊಡೆ ಹಿಡಿದು ನಿಂತ. ಸೊಸೆ ಫೋನು ಎತ್ತಿದಳು.

"ಸೌಟು ಹಾಕಿದೇನವಾ?"

"ಹಾಕೀನ್ರಿ ಅತ್ತಿ. ನೀವು ಊರಾಗ ಇಲ್ಲ ಅಂತ ಇವತ್ತು ಎರಡು ಹಾಕೀನಿ."

"ಕರೆಂಟು?"

"ಮದ್ದ್ಯಾನದಿಂದ ಇಲ್ರಿ."

"ಲಗೂನ ಹೋಗಿ ಮತ್ತ ತೊಳಿ! ಔಷಧ ಹಾಕಿ ತೊಳಿ!"

"ಔಷಧ ಮುಟ್ಟಾಕ ನಂಗ ಅಂಜಿಕಿ ಬರ್ತೈತ್ರಿ ಅತ್ತಿ. ಬರೇ ನೀರಿಲೆ ತೊಳದೀನಿ."

ನಾಗಮ್ಮಕ್ಕ ಫೋನು ಕೆಳಗಿಳಿಸಿ ನನ್ನ ಮುಖ ನೋಡಿದರು. ಇವತ್ತಿನ ಹಾಲು ಹುಳಿಯಾದರೆ ಟ್ಯಾಂಕು ಹೋಯಿತು. ಟ್ಯಾಂಕು ಚೊಕ್ಕಟವಿದ್ದರೆ ಕರೆಂಟು ತಡವಾಗಿ ಬಂದರೂ ಹಾಲು ತಡೆಯುತ್ತದೆ. ಔಷಧ ಹಾಕಿ ತೊಳೆಯಬಲ್ಲವಳು ಊರಲ್ಲಿ ಒಬ್ಬಳೇ. ನಾನು ಮಾತಾಡಲಾ ಎಂದೆ. "ಬ್ಯಾಡ್ರಿ, ಅಂದಾಕಿ ನಾನು," ಎಂದು ತಾವೇ ನಂಬರು ಒತ್ತಿ ಸ್ಪೀಕರ್ ಹಾಕಿದರು.

"ಮಲ್ಲವ್ವಾ, ನಾನ, ನಾಗಮ್ಮ. ಹಾಲೆಂಡಿಂದ."

"ಯಾಕ, ಅಲ್ಲೂ ಹಾಲು ಹುಳಿ ಆತೇನು?"

ನಾಗಮ್ಮಕ್ಕ ಇದಕ್ಕೆ ಸಿಟ್ಟಾಗಲಿಲ್ಲ. ಒಂದೇ ಉಸಿರಿಗೆ ಎಲ್ಲ ಹೇಳಿದರು. ಸೌಟು, ಊದಿನಕಡ್ಡಿ, ಯಾನನ ಅಂಕಿ. "ನೀ ತೊಳದದ್ದು ಸಾಫ್ ಇತ್ತವಾ. ಹೊಲಸು ಮಾಡಿದಾಕಿ ನಾನ. ತಪ್ಪಾತು. ಇವತ್ತೊಂದಿನ ಹೋಗಿ ತೊಳಿ, ನಿನ್ನ ಕಾಲು ಬೀಳ್ತೀನಿ."

ಮಲ್ಲಮ್ಮ ನಿಧಾನವಾಗಿ ಹೇಳಿದಳು:

"ಈಗ ನೀ ಅಂದದ್ದು ನಾ ಒಬ್ಬಾಕಿ ಕೇಳಿದೆ ನಾಗವ್ವ. ಅವತ್ತು ಅಂದದ್ದು ಸಾಲಿಗೆ ಸಾಲೇ ಕೇಳಿತ್ತು."

ನಾಗಮ್ಮಕ್ಕ ಕಣ್ಣು ಮುಚ್ಚಿದರು. "ಮಂದಿ ಬಂದಾರೇನು ಅಲ್ಲಿ?"

"ಬರಾಕ ಹತ್ಯಾರ."

"ನಡಿ. ಅವರ ನಡುವ ಹೋಗಿ ಸ್ಪೀಕರ್ ಹಾಕಿ ಫೋನು ಎತ್ತಿ ಹಿಡಿ."

ಚಪ್ಪಲಿಯ ಸದ್ದು ಕೇಳಿಸಿತು, ನಾಯಿ ಬೊಗಳಿತು, ಕ್ಯಾನುಗಳ ಸದ್ದು, ಹೆಂಗಸರ ಮಾತು, ಯಾರೋ ತೆಲುಗಿನಲ್ಲಿ ಎಮ್ಮೆಯನ್ನು ಬೈಯುವುದು. ಆಮೇಲೆ "ಹ್ಞಾಂ, ಹೇಳು" ಎಂದಿತು ಮಲ್ಲಮ್ಮನ ದನಿ.

ನಾಗಮ್ಮಕ್ಕ ಆ ಅಂಗಳದಲ್ಲಿ, ಮಳೆಯಲ್ಲಿ, ಗುಡ್ಡದಾಚೆಯ ಕುರಿ ಕರೆಯುವ ಗಂಟಲು ತೆಗೆದರು. "ಎಲ್ಲಾರೂ ಕೇಳ್ರಿ! ಹಾಲು ಹುಳಿ ಆಗಿದ್ದು ನನ್ನ ಕೈಲೆ! ಮಲ್ಲವ್ವ ತೊಳದ ಟ್ಯಾಂಕು ಸಾಫ್ ಇತ್ತು! ಆಕಿ ಕಳ್ಳ ಕೆಲಸ ಮಾಡಿಲ್ಲ, ಸುಳ್ಳಾಡಿದ ಬಾಯಿ ನಂದು!" ಹುಲ್ಲುಗಾವಲಿನ ಹಸುಗಳೆಲ್ಲ ತಲೆಯೆತ್ತಿ ಇತ್ತ ತಿರುಗಿದವು. ಮಾರಿಕೆ ಒಳಗಿನಿಂದ ಓಡಿಬಂದಳು. ಯಾನ್ ಕೊಡೆ ಹಿಡಿದುಕೊಂಡೇ, ಯಾರಾದರೂ ತೀರಿಕೊಂಡರೇ ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದ. ಇಲ್ಲ ಎಂದೆ.

ಅತ್ತ ಕಡೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅದರ ನಡುವೆ ಮಲ್ಲಮ್ಮನ ದನಿ ಗಟ್ಟಿಯಾಗಿ ಕೇಳಿಸಿತು, ನಮಗೆ ಹೇಳಿದ್ದಲ್ಲ, ಸಾಲಿನವರಿಗೆ: "ಹಿಂದ ಸರೀರಿ, ಹಾಲು ಯಾರೂ ಹಾಕಬ್ಯಾಡ್ರಿ. ನಾ ಒಮ್ಮಿ ತೊಳೀಬೇಕು."

ಫೋನನ್ನು ಎಲ್ಲೋ ಕಟ್ಟೆಯ ಮೇಲಿಟ್ಟ ಸದ್ದಾಯಿತು. ಟ್ಯಾಂಕಿನ ಮುಚ್ಚಳ ತೆರೆಯಿತು. ಆಮೇಲೆ ನೀರು, ಆಮೇಲೆ ಬ್ರಶ್ಶಿನ ಸರಬರ. ಮೇಡಂ ಇಲ್ಲದಾಗ ಮಲ್ಲಮ್ಮ ಹೇಗೆ ತೊಳೆಯುತ್ತಾಳೆಂದು ನಾನೂ ಮೊದಲ ಸಲ ಕೇಳಿಸಿಕೊಂಡೆ. ಮಾರಿಕೆ ಒಳಗೆ ಬನ್ನಿ ಎಂದು ತೋಳು ಹಿಡಿದು ಕರೆದಳು. ನಾಗಮ್ಮಕ್ಕ ತಲೆ ಅಲ್ಲಾಡಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು, ತೊಳೆದು ಮುಗಿಯುವವರೆಗೂ ಮಳೆಯಲ್ಲೇ ನಿಂತಿದ್ದರು.